ಮಹಿಬೂಬನ ಸಿನಿಮಾಗಳಲ್ಲಿ ನಮ್ಮಪ್ಪ

ಮೊನ್ನೆ ಅಪ್ಪನ ಅಂಗಿಗಳನ್ನು ನೆನೆಹಾಕುವಾಗ ಒಂದರ ಕಾಲರಿನಲ್ಲಿ ಮುಖಕ್ಕೆ ಹಚ್ಚುವ ಬಣ್ಣ ಕಂಡಿತು. ಎಪ್ಪತ್ತು ದಾಟಿದ ಗಂಡಸಿನ ಕಾಲರಿನಲ್ಲಿ ಗುಲಾಬಿ ಪೌಡರು! ಬೇರೆಯವರ ಮನೆಯಲ್ಲಾಗಿದ್ದರೆ ಅಷ್ಟಕ್ಕೇ ಮಾತು ಬಿಡುತ್ತಿದ್ದರೇನೋ. ನಮ್ಮವ್ವ ಅದನ್ನು ಬೆಳಕಿಗೆ ಹಿಡಿದು ನೋಡಿ, "ಮಹಿಬೂಬ ಮತ್ತ ಶೂಟಿಂಗ್ ಸುರು ಮಾಡ್ಯಾನ ನೋಡು" ಎಂದು ಸಾಬೂನು ಕೇಳಿದಳು. ಈ ಮಾತನ್ನು ಇಷ್ಟು ಸಲೀಸಾಗಿ ಆಡುವ ಕಾಲವೂ ಬಂತಲ್ಲ ಎನಿಸಿತು. ಎರಡು ವರ್ಷದ ಹಿಂದೆ ಇದೇ ಶೂಟಿಂಗಿನ ಸಲುವಾಗಿ ನಾನು ಮಹಿಬೂಬನ ಮೇಲೆ ಕೂಗಾಡಿದ್ದೆ.

ಮಹಿಬೂಬ ಕಮಲಾಪುರದವನು, ಅಪ್ಪನ ಶಿಷ್ಯ. ಅಪ್ಪ ಅಲ್ಲಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ. ಸಿನಿಮಾ ಎಂದರೆ ಅಪ್ಪನಿಗೆ ಆಗುತ್ತಿರಲಿಲ್ಲ. ಚಿಕ್ಕಂದಿನಲ್ಲಿ ನಾನು ಟಾಕೀಜಿನ ಒಳಗೆ ಕಾಲಿಟ್ಟದ್ದು ಒಂದೇ ಸಲ, ಅದೂ ಸೋದರತ್ತೆ ನನ್ನನ್ನು ಗುಡಿಗೆ ಕರೆದೊಯ್ಯುತ್ತೇನೆಂದು ಸುಳ್ಳು ಹೇಳಿದ್ದರಿಂದ. ಇನ್ನು ಕ್ಲಾಸು ಬಿಟ್ಟು ಕಲಬುರಗಿಗೆ ಮ್ಯಾಟಿನಿಗೆ ಓಡುತ್ತಿದ್ದ ಮಹಿಬೂಬ ಅಪ್ಪನ ಬೆತ್ತದ ಏಟು ಎಷ್ಟು ತಿಂದಿರಬೇಕು, ನೀವೇ ಊಹಿಸಿಕೊಳ್ಳಿ. ಅಂಥವನು ದೊಡ್ಡವನಾಗಿ ತಾನೇ ಸಿನಿಮಾ ತೆಗೆಯತೊಡಗಿದ. ಸ್ಟಾರುಗಳಿಲ್ಲ, ನಿರ್ಮಾಪಕರಿಲ್ಲ. ಗೆಳೆಯನ ಕ್ಯಾಮೆರಾ, ಊರ ಮಂದಿಯೇ ನಟರು, ಯಾರ ಮನೆಯ ಒಲೆ ಹೊತ್ತಿದೆಯೋ ಅಲ್ಲಿ ಊಟ. ಒಂದರಂತೆ ಇನ್ನೊಂದಿಲ್ಲ: ಒಂದು ಮಕ್ಕಳ ಚಿತ್ರ, ಒಂದು ದೆವ್ವದ್ದು, ಒಂದು ಬಾಳೆತೋಟದ ಸಾಕ್ಷ್ಯಚಿತ್ರ, ಒಂದು ನಗೆಚಿತ್ರ. ಒಂದು ದಾರಿ ಹಿಡಿದು ಹೋಗಬಾರದೇನೋ ಎಂದು ಕೇಳಿದರೆ, "ಅಕ್ಕಾ, ನೀವು ದಿನಾ ಒಂದೇ ಪಲ್ಯಾ ಉಣ್ತೀರೇನ್ರಿ?" ಎಂದು ಹಲ್ಲು ಕಿಸಿಯುತ್ತಿದ್ದ.

ಎರಡು ವರ್ಷದ ಹಿಂದೆ ಆ ನಾಲ್ಕನ್ನೂ ಅವನ ಗೆಳೆಯರು ಕಲಬುರಗಿಯ ಸೇಡಂ ರಸ್ತೆಯ ಒಂದು ಸಣ್ಣ ಸಭಾಂಗಣದಲ್ಲಿ ಒಂದೇ ದಿನ ತೋರಿಸುವ ಏರ್ಪಾಡು ಮಾಡಿದರು. ಜೇವರ್ಗಿ ಕಾಲೋನಿಯಲ್ಲಿ ಅಪ್ಪ ಅವ್ವ ನನ್ನ ಜೊತೆಗೇ ಇರುತ್ತಾರೆ. ಹೊರಡುವಾಗ ಇಬ್ಬರನ್ನೂ ಕರೆದೆ. ಅವ್ವ ಮೊಣಕಾಲು ಹಿಡಿದುಕೊಂಡಳು. ಅಪ್ಪ ಪೇಪರಿನ ಹಿಂದಿನಿಂದಲೇ, "ಹುಡುಗ ಕರದಾನ, ನೀ ಹೋಗಿ ಬಾ" ಎಂದ. ಸಿನಿಮಾಕ್ಕೆ ಹೋಗು ಎಂದು ಅಪ್ಪ ಹೇಳಿದ್ದು ಅದೇ ಮೊದಲು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಮಕ್ಕಳ ಚಿತ್ರದಲ್ಲಿ ಒಬ್ಬ ಹುಡುಗಿ ಕಳೆದುಹೋದ ಆಡನ್ನು ಹುಡುಕುತ್ತ ಸಂತೆಯಲ್ಲಿ ಓಡುತ್ತಾಳೆ. ಅವಳು ಡಿಕ್ಕಿ ಹೊಡೆಯುವ ಮುದುಕನ ಬೆನ್ನು ಮಾತ್ರ ಕಾಣುತ್ತದೆ. ಎರಡೂ ಕೈ ಹಿಂದೆ ಕಟ್ಟಿ, ಪರೀಕ್ಷೆಯ ಕೋಣೆಯಲ್ಲಿ ಅಡ್ಡಾಡುವವನಂತೆ ನಡಿಗೆ. ಅಪ್ಪನ ಹಾಗೆ ನಡೆಯುವವರು ಇನ್ನೂ ಇದ್ದಾರಲ್ಲ ಎಂದುಕೊಂಡೆ. ದೆವ್ವದ ಚಿತ್ರದಲ್ಲಿ ಬಾಗಿಲ ಸಂದಿಯಿಂದ ಒಂದು ಕೈ ಬಂತು. ಎಲ್ಲರೂ ಕಿರುಚಿದರು. ನಾನೂ ಕಿರುಚಿದೆ, ಆದರೆ ಬೇರೆ ಕಾರಣಕ್ಕೆ: ಆ ಕೈಯ ಕಿರುಬೆರಳು ಅಪ್ಪನದರಂತೆಯೇ ಸೊಟ್ಟಗಿತ್ತು. ಮೂರನೆಯದರಲ್ಲಿ ಕಮಲಾಪುರದ ಕೆಂಪು ಬಾಳೆಯ ಗೊನೆಗಳು ಪರದೆಯ ತುಂಬ ತೂಗಾಡುತ್ತಿದ್ದವು, ಹಿನ್ನೆಲೆಯಲ್ಲಿ ಒಂದು ದನಿ, "ತಿಳೀತಿಲ್ಲೋ? ಮತ್ತೊಮ್ಮೆ ಹೇಳ್ತೀನಿ" ಎಂದಿತು. ಗಣಿತ ಕಲಿಸುವಾಗ ಅಪ್ಪ ಆಡುತ್ತಿದ್ದ ಅದೇ ಮಾತು, ಇನ್ನು ಅನುಮಾನಕ್ಕೆ ಜಾಗವೇ ಇರಲಿಲ್ಲ. ಗುರುವಾರಕ್ಕೊಮ್ಮೆ ತೋಟ ನೋಡಿ ಬರುತ್ತೇನೆಂದು ಕಮಲಾಪುರದ ಬಸ್ಸು ಹತ್ತುತ್ತಿದ್ದ ನಮ್ಮಪ್ಪ ಅಲ್ಲಿ ಮಾಡುತ್ತಿದ್ದುದು ಇದು! ನಾನು ಇಂಗು ತಿಂದ ಮಂಗನಂತೆ ಕೂತಿದ್ದೆ.

ಅದು ಬರೀ ಬೆರಗು. ಆಘಾತ ನಾಲ್ಕನೆಯದರಲ್ಲಿ ಕಾದಿತ್ತು.

ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಗೋಡೆಗೆ ಆನಿಸಿ ಕೂಡಿಸಿ, ವಿಭೂತಿ ಹಚ್ಚಿ, ಹಾರ ಹಾಕಿ, ಮುಂದೆ ಭಜನೆ ಮಾಡುತ್ತಾರೆ. ಮಣ್ಣು ಮಾಡುವುದೂ ಕೂಡಿಸಿಯೇ. ನಗೆಚಿತ್ರ ಸುರುವಾಗುವುದೇ ಅಂಥ ಒಂದು ಮನೆಯಲ್ಲಿ. ಮೊದಲು ಭಜನೆಯವರು ಕಂಡರು, ಆಮೇಲೆ ಕ್ಯಾಮೆರಾ ನಿಧಾನ ತಿರುಗಿತು. ಗೋಡೆಗೆ ಆನಿಕೊಂಡು, ಕಣ್ಣು ಮುಚ್ಚಿ, ಹಣೆಯ ತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಹಾರ: ನಮ್ಮಪ್ಪ. ಬೆಳಿಗ್ಗೆ ನನ್ನ ಕೈಯಿಂದ ಚಹಾ ಇಸಿದುಕೊಂಡಿದ್ದ ನಮ್ಮಪ್ಪ. ಅದರ ಹಿಂದಿನ ಬೇಸಿಗೆಯಲ್ಲಿ ಅವನು ಎದೆನೋವೆಂದು ಆಸ್ಪತ್ರೆ ಸೇರಿದ್ದ. ಅಲ್ಲಿಯ ಬಾಗಿಲಲ್ಲಿ ನಿಂತು ಯಾವುದು ಕಣ್ಣ ಮುಂದೆ ಬಾರದಂತೆ ಹಗಲೂ ರಾತ್ರಿ ತಳ್ಳಿದ್ದೆನೋ, ಅದೇ ಈಗ ಪರದೆಯಗಲ ಬಂದು ಕೂತಿತ್ತು. ಜನ ನಗುತ್ತಿದ್ದರು. ಯಾರ ಕಾಲು ತುಳಿದೆನೋ ಗೊತ್ತಿಲ್ಲ, ಎದ್ದು ಹೊರಗೆ ಬಂದೆ.

ಮಹಿಬೂಬ ಹಿಂದೆಯೇ ಓಡಿಬಂದ.

"ನಿನಗ ಬ್ಯಾರೆ ಮುದುಕರು ಸಿಗಲಿಲ್ಲೇನೋ? ನಿನ್ನ ಹೆಣಕ್ಕ ನಮ್ಮಪ್ಪನೇ ಬೇಕಾಗಿದ್ದನೇನು?"

"ಅಲ್ಲಾನ ಆಣಿ ಅಕ್ಕಾ, ಕೇಳ್ರಿ. ಬ್ಯಾರೆ ಒಬ್ಬಾಂವ ಒಪ್ಪಿದ್ದ. ವಿಭೂತಿ ಹಚ್ಚೋತನಾ ಸುಮ್ಮ ಕುಂತ. ಹಾರ ಹಾಕಿದ್ವಿ ನೋಡ್ರಿ, ಹಾರದ ಸಮೇತ ಎದ್ದು ಓಡ್ಯಾನ. ಇತ್ತ ಬೆಳಕು ಹೋಗಾಕತ್ತಿತ್ತು. ಸರ್ ಹೆಗಲಿನ ಟವೆಲ್ ತೆಗದಿಟ್ಟು, 'ಅತ್ತಾಗ ಸರೀರಿ' ಅಂತ ತಾವೇ ಬಂದು ಕುಂತರ್ರಿ."

"ಅವ್ವಗ ಗೊತ್ತಾದ್ರ ಏನಾಗ್ತದ ಅಂತ ವಿಚಾರ ಮಾಡಿಯೇನು?"

ಅವನು ತಲೆ ಕೆರೆದುಕೊಳ್ಳುತ್ತ ಆಟೋ ನಿಲ್ಲಿಸಿದ. ಆಟೋದಲ್ಲಿ ಕೂತಾಗ ನನ್ನ ತಲೆಯಲ್ಲಿ ಅದೊಂದೇ ಚಿಂತೆ. ಮನೆಯಿಂದ ಹೊರಡುವವರು 'ಹೋಗ್ತೀನಿ' ಎಂದರೆ 'ಹೋಗಿ ಬರ್ತೀನಿ ಅನ್ನು' ಎಂದು ಗದರುವ ಹೆಂಗಸು ನಮ್ಮವ್ವ. ಗಂಡನಿಗೆ ಹೆಣದ ಹಾರ ಹಾಕಿದ್ದನ್ನು ಅವಳಿಗೆ ಹೇಗೆ ಹೇಳುವುದು, ಬೇರೆ ಯಾರೂ ಹೇಳದಂತೆ ಹೇಗೆ ಮುಚ್ಚಿಡುವುದು?

ಅಪ್ಪ ಗೇಟಿನಲ್ಲೇ ನಿಂತಿದ್ದ. "ಹೆಂಗಾಗ್ಯಾದ?" ಎಂದ.

"ಏನು ಹೆಂಗಾಗ್ಯಾದ?"

"ನಂದು."

ನನಗೆ ಅಳು ಸಿಟ್ಟು ಎರಡೂ ಒಟ್ಟಿಗೇ ಬಂದವು. ನೋಡಲಾಗದೆ ಎದ್ದು ಬಂದೆ ಎಂದು ಕೂಗಿದೆ. ಅಪ್ಪನ ಮುಖ ಸಪ್ಪಗಾಯಿತು. "ಪೂರ್ತಿ ನೋಡಲೇ ಇಲ್ಲೇನು?" ಎಂದು ಅವನು ಕೇಳುವಷ್ಟರಲ್ಲಿ ಒಳಗಿನಿಂದ ಅವ್ವ, "ನಾ ಹೇಳಿದ್ನಿಲ್ರೀ, ಆಕಿ ತಡಕೊಳ್ಳಂಗಿಲ್ಲ ಅಂತ" ಎಂದಳು. ನಾನು ಚಪ್ಪಲಿ ಬಿಡುವುದನ್ನೂ ಮರೆತು ಅಡುಗೆಮನೆಗೆ ನುಗ್ಗಿದೆ.

"ಅವ್ವಾ, ನಿನಗ ಗೊತ್ತದ ಏನು?"

"ಗೊತ್ತಿರದೇನು? ಅವತ್ತು ಆ ಹುಡುಗರಿಗೆ ರೊಟ್ಟಿ ಕಟಗೊಂಡು ನಾನೂ ಹೋಗಿದ್ದೆ. ವಿಭೂತಿ ನಾನೇ ಹಚ್ಚೀನಿ. ಅವರು ಗ್ವಾಡಿಗೆ ಸುಣ್ಣ ಬಳದಂಗ ಬಳಿಯಾಕತ್ತಿದ್ರು. ನಾ ಇರೋತನಾ ಇವರ ಹಣಿಗೆ ಮಂದಿ ಯಾಕ ಹಚ್ಚಬೇಕು?" ಎಂದು ಹಿಟ್ಟು ನಾದುವುದನ್ನು ಮುಂದುವರಿಸಿದಳು. ಹಿಟ್ಟಿಗೆ ತುಸು ನೀರು ಚಿಮುಕಿಸಿ, ನನ್ನ ಕಡೆ ನೋಡದೆ, "ಮೊದಲ ಬೆರಳು ಹಣಿತನಾ ಹೋಗಲಿಲ್ಲ. ಇವರು ಒಂದು ಕಣ್ಣು ತೆರದು ನಕ್ಕರು. ಆಮ್ಯಾಲ ಏನೂ ಅನಸಲಿಲ್ಲ" ಎಂದಳು.

ಸಂಜೆ ಮಹಿಬೂಬ ಕ್ಷಮೆ ಕೇಳಲು ಬಂದ. ಬರುವಾಗ ಪೆನ್‌ಡ್ರೈವಿನಲ್ಲಿ ಚಿತ್ರವನ್ನೂ ತಂದಿದ್ದ! ಅಪ್ಪನಿಗೆ ಬೇಕಾದದ್ದೂ ಅದೇ. ಟಿವಿಯ ಮುಂದೆ ನನ್ನನ್ನು ತನ್ನ ಮಗ್ಗುಲಲ್ಲೇ ಕೂಡಿಸಿಕೊಂಡ. ನಾನು ಅರ್ಧ ಕಣ್ಣು ಮುಚ್ಚಿಕೊಂಡಿದ್ದೆ. ಆ ದೃಶ್ಯ ಬಂದೊಡನೆ ಅಪ್ಪ ನನ್ನ ಮೊಣಕೈ ತಿವಿದು ಪಿಸುಗುಟ್ಟಿದ: "ಅಲ್ಲಿ ನೋಡು. ಉಸಿರು ಬಿಗಿಹಿಡದಿದ್ದೆ, ಆಗಲಿಲ್ಲ. ಹಾರ ಅಲಗ್ತದ."

ಹೌದು, ಅಲುಗಿತು.

ಮಹಿಬೂಬ ನಾಚಿಕೊಂಡ. "ಅದೊಂದು ತಪ್ಪು ಉಳದದ್ರಿ. ಊರ ಹೊರಗ ಕಳಸೋ ಮುಂದ ಕಂಪ್ಯೂಟರಿನ್ಯಾಗ ಸರಿ ಮಾಡಸ್ತೀನಿ. ಅಲಗಿದ್ದು ಗೊತ್ತೇ ಆಗಂಗಿಲ್ಲ."

"ಅದನ್ನ ಮುಟ್ಟಬ್ಯಾಡ" ಎಂದೆ.

"ಹೆಣ ಉಸಿರಾಡಿದ್ರ ಮಂದಿ ನಗ್ತಾರ್ರಿ ಅಕ್ಕಾ."

"ನಗಲಿ. ನಗಸಾಕೇ ಮಾಡೀದಿಲ್ಲೋ?"

ಅವನು ಅಪ್ಪನ ಮುಖ ನೋಡಿದ, ಅಪ್ಪ ಅವ್ವನ ಮುಖ ನೋಡಿದ. ತಪ್ಪು ಹಾಗೆಯೇ ಉಳಿಯಿತು. ಚಿತ್ರ ಹೋದಲ್ಲೆಲ್ಲ ಯಾರಾದರೊಬ್ಬರು ಅದನ್ನು ಎತ್ತಿ ತೋರಿಸುತ್ತಾರಂತೆ, ಮಹಿಬೂಬ ಫೋನು ಮಾಡಿ ನನ್ನ ಮೇಲೆ ಹರಿಹಾಯುತ್ತಾನೆ. ಈಗ ಅವನು ಐದನೆಯದು ತೆಗೆಯುತ್ತಿದ್ದಾನೆ, ಪ್ರೇಮಕಥೆಯಂತೆ. ಅದರಲ್ಲಿ ತಾನು ಯಾರೆಂದು ಅಪ್ಪ ಬಾಯಿ ಬಿಡುತ್ತಿಲ್ಲ.

ಅಪ್ಪ ಕಮಲಾಪುರಕ್ಕೆ ಹೋದ ದಿನ ಬರುವುದು ತಡವಾದರೆ ನಾನು ಟಿವಿಯಲ್ಲಿ ಆ ನಗೆಚಿತ್ರ ಹಾಕಿಕೊಳ್ಳುತ್ತೇನೆ. ಅವ್ವ ನೋಡಿಯೂ ನೋಡದವಳಂತೆ ಇರುತ್ತಾಳೆ. ಭಜನೆಯವರು ಬರುತ್ತಾರೆ, ಕ್ಯಾಮೆರಾ ತಿರುಗುತ್ತದೆ. ಹಾರದ ನಡುವಿನ ಒಂದು ಚೆಂಡುಹೂ ತುಸು ಮೇಲೇಳುತ್ತದೆ, ಇಳಿಯುತ್ತದೆ. ಅದು ಮತ್ತೆ ಏಳುವತನಕ ನಾನು ಉಸಿರು ಬಿಡುವುದಿಲ್ಲ.