ದೇವಿರಮ್ಮನ ತಲೆಯ ಮೇಲಿನ ಮೋಡ

ನಜರ್‌ಬಾದಿನ ಚೆಲುವರಾಜು ಮೂವತ್ತೊಂದು ವರ್ಷ ಕಾಲೇಜೊಂದರ ಭೌತಶಾಸ್ತ್ರ ವಿಭಾಗದಲ್ಲಿ ಅಟೆಂಡರ್ ಆಗಿದ್ದವರು. ಓದಿದ್ದು ನಾಲ್ಕನೇ ಕ್ಲಾಸು. ಆದರೆ ಪ್ರೊಫೆಸರರ ಜೊತೆ ಡಾರ್ಕ್ ರೂಮಿನಲ್ಲಿ ನಿಂತು ನಿಂತು ಫೋಟೊ ತೊಳೆಯುವ ವಿದ್ಯೆಯನ್ನು ಪೂರಾ ಕಲಿತಿದ್ದರು. ೧೯೫೪ರಲ್ಲಿ ಅವರು ನಿವೃತ್ತರಾದ ತಿಂಗಳೇ ಚಾಮರಾಜಪುರಂನ ಹಿರಿಯರ ಕ್ಯಾಮೆರಾ ಸಂಘದವರು ಮನೆಗೆ ಬಂದು ಕರೆದರು. ಎಂಜಿನಿಯರು, ಹೆಡ್‌ಮಾಸ್ಟರು, ಅಮಲ್ದಾರರಾಗಿದ್ದವರ ನಡುವೆ ತನಗೂ ಒಂದು ಕುರ್ಚಿ ಎಂದು ಚೆಲುವರಾಜು ಆ ದಿನವೆಲ್ಲ ಹಿಗ್ಗಿದರು.

ಭಾನುವಾರ ಬೆಳಿಗ್ಗೆ ಸಂಘದವರೆಲ್ಲ ಕೊಡೆ ಹಿಡಿದು ಕುಕ್ಕರಹಳ್ಳಿ ಕೆರೆ ಏರಿಗೋ ಬೆಟ್ಟದ ಮೆಟ್ಟಿಲಿಗೋ ಹೋಗುತ್ತಿದ್ದರು. ಒಬ್ಬರಿಗೆ ಕೈ ನಡುಕ, ಒಬ್ಬರಿಗೆ ಕಣ್ಣಿನ ಪೊರೆ. "ಏನಯ್ಯ ಚೆಲುವರಾಜು, ಫೋಕಸ್ ಸರಿಯಿದೆಯಾ ನೋಡು" ಎಂದು ಒಬ್ಬರಾದ ಮೇಲೊಬ್ಬರು ಕರೆಯುವರು. ಚೆಲುವರಾಜು ನೋಡಿ, ತಿರುಗಿಸಿ, ಸರಿಮಾಡಿ ಪಕ್ಕಕ್ಕೆ ಸರಿದು ನಿಲ್ಲುವರು. ಗುಂಡಿ ಒತ್ತಿದವರ ಹೆಸರಿನಲ್ಲೇ ಫೋಟೊ. ಅದು ಸಂಘದ ನಿಯಮ.

ಮೊದಲ ವರ್ಷದ ಪ್ರದರ್ಶನಕ್ಕೆ ಬೆಂಗಳೂರಿನಿಂದ ಬಂದ ತೀರ್ಪುಗಾರರು ಒಂದೊಂದೇ ಫೋಟೊದ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ ಗುಣದೋಷ ಹೇಳಿದರು. "ಏನ್ರೀ, ಮೈಸೂರಿನ ಆಕಾಶಕ್ಕೆಲ್ಲ ಸುಣ್ಣ ಹೊಡ್ಸಿದೀರಾ?" ಎಂದುಬಿಟ್ಟರು. ನೆಲಕ್ಕೆ ಸಾಕಾಗುವಷ್ಟು ಬೆಳಕು ಬಿಟ್ಟರೆ ಆಕಾಶ ಬರೀ ಬಿಳುಪಾಗುತ್ತಿತ್ತು. ಅಧ್ಯಕ್ಷ ಸದಾಶಿವಯ್ಯನವರ ಮುಖ ಸಪ್ಪಗಾಯಿತು. ಅದನ್ನು ನೋಡಲಾರದೆ ಚೆಲುವರಾಜು, "ನನ್ನತ್ರ ಒಂದು ಮೋಡ ಅದೆ ಸಾರ್" ಎಂದರು.

ಆ ಮೋಡ ಒಂದು ಗಾಜಿನ ನೆಗೆಟಿವ್ ಪ್ಲೇಟಿನಲ್ಲಿತ್ತು. ೧೯೩೮ರಲ್ಲಿ ಪ್ರೊಫೆಸರರು ಒಂದು ದಿನದ ಮಟ್ಟಿಗೆ ಕೊಟ್ಟ ದೊಡ್ಡ ಕ್ಯಾಮೆರಾ ಹೊತ್ತುಕೊಂಡು ಚೆಲುವರಾಜು ಊರಿಗೆ ಹೋಗಿದ್ದರು. ಗದ್ದೆ ಬದುವಿನ ಮೇಲೆ ಹೆಂಡತಿ ದೇವಿರಮ್ಮ ಹಸಿಹುಲ್ಲಿನ ಹೊರೆ ಹೊತ್ತು ನಿಂತಿದ್ದಳು. "ಬಿರ್ನೆ ಪಟ ಒಡೀರಿ, ಕತ್ತು ಮುರ್ದೋಯ್ತದೆ" ಎಂದು ಬೈಯುತ್ತಿದ್ದಳು. ಅವಳ ತಲೆಯ ಮೇಲೆ, ಮೆಲುಕು ಹಾಕುತ್ತ ಮಲಗಿದ ಎತ್ತಿನಂಥ ಮೋಡ. ಲೆನ್ಸಿನ ಮುಂದೆ ಹಳದಿ ಗಾಜಿಟ್ಟು ತೆಗೆದದ್ದರಿಂದ ಎತ್ತಿನ ಹೆಗಲ ಮೇಲಿನ ಹಿಣಿಲೂ ಸ್ಪಷ್ಟವಾಗಿ ಬಂದಿತ್ತು.

ಸಂಘದ ಕತ್ತಲೆ ಕೋಣೆಯಲ್ಲಿ ಚೆಲುವರಾಜು ಮೊದಲು ಸದಾಶಿವಯ್ಯನವರು ತೆಗೆದಿದ್ದ ಗುಡಿಯ ಫೋಟೊವನ್ನು ಕಾಗದದ ಮೇಲೆ ಇಳಿಸಿದರು. ಆಮೇಲೆ ತಮ್ಮ ಪ್ಲೇಟು ಹಾಕಿ, ಮೋಡ ಮಾತ್ರ ಬೀಳುವಂತೆ ಕೆಳಗಿನ ಅರ್ಧಕ್ಕೆ ಅಂಗೈ ಅಡ್ಡ ಹಿಡಿದರು. ಬೆಸುಗೆ ಕಾಣಬಾರದೆಂದು ಕೈಯನ್ನು ಮೆಲ್ಲಗೆ ಆಡಿಸುತ್ತಲೇ ಇದ್ದರು. ಮರುವರ್ಷ ಆ ಫೋಟೊಗೆ ಮೊದಲ ಬಹುಮಾನ ಬಂತು. ಅದಕ್ಕೆ ಕಟ್ಟು ಹಾಕಿಸಿ ಸಂಘದ ಹಜಾರದಲ್ಲಿ ತೂಗುಹಾಕಿದರು. ಮುಂದೆ ಕೆರೆಯ ಮೇಲೆ, ಕೋಟೆಯ ಮೇಲೆ, ಯಾರದೋ ಮೊಮ್ಮಗಳ ತಲೆಯ ಮೇಲೆ, ಎಲ್ಲೆಲ್ಲೂ ಅದೇ ಎತ್ತು. ಒಮ್ಮೆ ಎಡಕ್ಕೆ ಮುಖ, ಒಮ್ಮೆ ಬಲಕ್ಕೆ. "ನಮ್ಮ ವರುಣದೇವ" ಎಂದು ಚೆಲುವರಾಜುವಿಗೆ ಅಡ್ಡಹೆಸರೂ ಬಿತ್ತು. ಪ್ಲೇಟು ಅಧ್ಯಕ್ಷರ ಮನೆಯ ಬೀರುವಿನಲ್ಲೇ ಉಳಿಯಿತು.

೧೯೫೯ರಲ್ಲಿ ಚೆಲುವರಾಜುವಿಗೆ ಆಸೆ ಹುಟ್ಟಿತು. ಒಂದು ಸಲವಾದರೂ ತಮ್ಮ ಹೆಸರಿನಲ್ಲಿ ಒಂದು ಫೋಟೊ ಆ ಗೋಡೆಯ ಮೇಲಿರಬೇಕು. ಪ್ಲೇಟು ಕೇಳಿ ತಂದು, ಈ ಸಲ ಎಲ್ಲೂ ಕೈ ಅಡ್ಡ ಹಿಡಿಯದೆ, ಮೋಡ, ದೇವಿರಮ್ಮ, ಬದು ಎಲ್ಲವನ್ನೂ ಇಡಿಯಾಗಿ ಇಳಿಸಿದರು. ಪ್ಲೇಟನ್ನು ವಾಡಿಕೆಯಂತೆ ಬೀರುವಿಗೆ ಹಿಂದಿರುಗಿಸಿದರು.

"ಹುಲ್ಲೊರೆ ಹೊತ್ತೋಳ್ನ ನೋಡಾಕೆ ಆ ದೊಡ್ಡೋರೆಲ್ಲ ಬತ್ತಾರಾ?" ಎಂದು ದೇವಿರಮ್ಮ ನಕ್ಕಳು. ಆದರೂ ಪ್ರದರ್ಶನದ ದಿನ ಒಳ್ಳೆಯ ಸೀರೆ ಉಟ್ಟು ಹೊರಟಳು.

ಮೊದಲ ವರ್ಷದ ಬಳಿಕ ಈಗಲೇ ಮತ್ತೆ ಬಂದಿದ್ದ ಅದೇ ಬೆಂಗಳೂರಿನ ತೀರ್ಪುಗಾರರು ಹಜಾರದಲ್ಲಿ ಅವಳ ಫೋಟೊದ ಮುಂದೆ ಬಹಳ ಹೊತ್ತು ನಿಂತರು. "ಹೆಂಗಸು ಚೆನ್ನಾಗಿ ಬಂದಿದ್ದಾರೆ. ಆದರೆ ಈ ಮೋಡ..." ಎಂದು ಹಿಂದಕ್ಕೆ ತಿರುಗಿ ಗೋಡೆಯ ಮೇಲಿದ್ದ ಬಹುಮಾನದ ಫೋಟೊ ತೋರಿಸಿದರು. "ಇದು ಅಧ್ಯಕ್ಷರ ಮೋಡ ಅಲ್ವೇನ್ರೀ? ಕದ್ದು ಅಂಟಿಸಿದ್ದಾರೆ. ಇದನ್ನು ಸ್ಪರ್ಧೆಗೆ ತಗೊಳ್ಳೋಕ್ಕಾಗಲ್ಲ."

ಚೆಲುವರಾಜು ಸುತ್ತ ನೋಡಿದರು. ತಮ್ಮ ಫೋಟೊಗಳಿಗೆ ಅವರ ಮೋಡ ಹಾಕಿಸಿಕೊಂಡ ಆರು ಜನ ಅಲ್ಲೇ ಇದ್ದರು. ಕಾರ್ಯದರ್ಶಿ ವೆಂಕಟಸುಬ್ಬಯ್ಯ, "ಕಾಫಿ ಬಂತೇನೋ ನೋಡ್ತೀನಿ" ಎಂದು ಹೊರಗೆ ಹೋದರು. ಸದಾಶಿವಯ್ಯ ಮುಂದೆ ಬಂದು ಚೆಲುವರಾಜುವಿನ ಹೆಗಲ ಮೇಲೆ ಕೈಯಿಟ್ಟರು.

"ಹೋಗ್ಲಿ ಬಿಡಿ ಸ್ವಾಮಿ, ನಮ್ಮ ಹುಡುಗನೇ. ಗೊತ್ತಾಗದೆ ಮಾಡಿದಾನೆ. ನಾನು ಕ್ಷಮಿಸಿದೀನಿ."

ಆ ಹುಡುಗನಿಗೆ ಆಗ ಅರವತ್ತು.

"ಪ್ಲೇಟು ನಂದು ಸಾರ್" ಎಂದರು ಚೆಲುವರಾಜು.

"ಹಾಗಾದರೆ ತಂದು ತೋರಿಸಿ. ಪ್ಲೇಟಿನಲ್ಲಿ ಹೆಂಗಸು, ಮೋಡ ಎರಡೂ ಒಟ್ಟಿಗೆ ಇದ್ದರೆ ನಿಮ್ಮದೇ ಅಂತ ಬರೆದುಕೊಡ್ತೀನಿ. ನಾಳೆ ಸಂಜೆವರೆಗೂ ಇಲ್ಲೇ ಇರ್ತೀನಿ" ಎಂದರು ತೀರ್ಪುಗಾರರು.

ಮರುದಿನ ಬೆಳಿಗ್ಗೆ ಏಳಕ್ಕೇ ಚೆಲುವರಾಜು ಅಧ್ಯಕ್ಷರ ಮನೆಗೆ ಹೋದರು. ಸದಾಶಿವಯ್ಯ ಪೂಜೆ ಮುಗಿಸಿ, ವಿಭೂತಿಯ ಹಣೆಯಲ್ಲೇ ಪ್ಲೇಟು ತಂದುಕೊಟ್ಟರು. ಕೆಳಗಿನ ಅರ್ಧಕ್ಕೆ ಕಪ್ಪು ವಾರ್ನಿಷ್ ಬಳಿದಿತ್ತು.

"ನೆಲ ಅಡ್ಡ ಬರ್ತಿತ್ತು ಕಣಯ್ಯ, ಅನುಕೂಲಕ್ಕೆ ಅಂತ ಎಂದೋ ಬಳಿದಿದ್ದೆ."

ಚೆಲುವರಾಜು ಪ್ಲೇಟು ಹಿಡಿದ ಹೆಬ್ಬೆರಳು ಅಂಟಿಕೊಂಡಿತು. ಕಿತ್ತುನೋಡಿದರೆ ಬೆರಳೆಲ್ಲ ಕಪ್ಪು. ಹದಿನೈದು ದಿನದ ಹಿಂದೆ ತಾವೇ ಇದೇ ಪ್ಲೇಟಿನಿಂದ ಫೋಟೊ ಇಳಿಸಿದ್ದರು. ಅವರು ಬೆರಳನ್ನು ನೋಡಿದರು, ಸದಾಶಿವಯ್ಯನವರನ್ನು ನೋಡಿದರು. ಸದಾಶಿವಯ್ಯ, "ಕಾಫಿ ಕುಡೀತೀಯಾ?" ಎಂದರು. ಚೆಲುವರಾಜು ಬೆರಳನ್ನು ಪಂಚೆಗೆ ಒರೆಸಿಕೊಂಡು ಪ್ಲೇಟಿನೊಂದಿಗೆ ಹೊರಟರು.

ವಾರ್ನಿಷ್ ತಾನೇ, ಟರ್ಪೆಂಟೈನಿಗೆ ಬಿಡುತ್ತದೆ. ಮನೆಗೆ ಬಂದವರೇ ಬಾಗಿಲ ಬೆಳಕಿನಲ್ಲಿ ಕೂತು, ಮೆತ್ತಗಿನ ಬಟ್ಟೆಯಿಂದ ಒರೆಸತೊಡಗಿದರು. ಕಪ್ಪು ಸಲೀಸಾಗಿ ಬಿಟ್ಟಿತು. ಅಡಿಯಲ್ಲಿ ಬರೀ ಗಾಜು, ಅದರ ಮೇಲೆ ಉದ್ದುದ್ದಕ್ಕೆ ಬ್ಲೇಡಿನ ಗೀರು. ಮೊದಲು ಚಿತ್ರವನ್ನು ಕೆರೆದು, ಆಮೇಲೆ ಬಳಿದಿದ್ದರು. ಎತ್ತಿನ ಹೊಟ್ಟೆಗೆ ತಾಗಿದಂತೆ ಹುಲ್ಲಿನ ತುದಿಯೊಂದು ಉಳಿದಿತ್ತು.

ದೇವಿರಮ್ಮ ಬಗ್ಗಿ ನೋಡಿದಳು. "ನನ್ನ ಕೆರ್ದಾಕಿ ಹೊರೆ ಉಳಿಸವ್ರೆ."

ಆ ಗೀರುಗಳ ಮೇಲೆ ಬೆರಳಾಡಿಸಿ ಕೇಳಿದಳು, "ಇಷ್ಟು ವರ್ಸ ಅವ್ರಿಗೆ ಮೋಡ ಕೊಡೋವಾಗ ನಾನೆಲ್ಲಿರ್ತಿದ್ದೆ?"

ಚೆಲುವರಾಜು ತಮ್ಮ ಅಂಗೈ ತೋರಿಸಿದರು. "ಅಡ್ಡ ಹಿಡೀತಿದ್ದೆ ಕಣೆ."

ಅವಳು ಒಲೆಯ ಮುಂದೆ ಹೋಗಿ ಕೂತಳು. ಅಂದು ಸಂಜೆ ಚೆಲುವರಾಜು ಹಜಾರದ ಕಡೆ ಹೋಗಲಿಲ್ಲ. ತೀರ್ಪುಗಾರರು ಬೆಂಗಳೂರಿನ ರೈಲು ಹತ್ತಿದರು.

ಎಂಟು ದಿನ ಬಿಟ್ಟು ವೆಂಕಟಸುಬ್ಬಯ್ಯ ಬಂದು ಬಾಗಿಲಲ್ಲಿ ನಿಂತರು. ಒಳಗೆ ಬರಲಿಲ್ಲ. "ಅಧ್ಯಕ್ಷರು ಹೊಸದೊಂದು ಫೋಟೊ ಸ್ಪರ್ಧೆಗೆ ಕಳಿಸ್ತಾರಂತೆ. ಆ ಪ್ಲೇಟು ಬೇಕಂತೆ ಚೆಲುವರಾಜು... ನಾನು ಏನು ಮಾಡ್ಲಿ ಹೇಳಿ."

ಚೆಲುವರಾಜು ಕೂತಲ್ಲಿಂದ ಏಳಲಿಲ್ಲ. ದೇವಿರಮ್ಮ ಕಿಟಕಿಯ ಗೂಡಿನಿಂದ ಪ್ಲೇಟು ತೆಗೆದು, ಧೂಳು ಕೊಡವಿ, ವೆಂಕಟಸುಬ್ಬಯ್ಯನವರ ಕೈಗಿಟ್ಟಳು.

"ತಕ್ಕೊಂಡೋಗಿ ಸ್ವಾಮಿ. ಅದ್ರೊಳಗೆ ನಮ್ಮೋರು ಯಾರೂ ಇಲ್ಲ."

ವೆಂಕಟಸುಬ್ಬಯ್ಯ ಗಾಜು ಒಡೆಯಬಾರದೆಂದು ಅದನ್ನು ಕರವಸ್ತ್ರದಲ್ಲಿ ಎರಡು ಸುತ್ತು ಸುತ್ತಿ, ಎದೆಗವಚಿಕೊಂಡು, ಜೋಪಾನವಾಗಿ ಮೆಟ್ಟಿಲಿಳಿದು ಹೋದರು.