ಗಂಟೆಗೆ ಎಂಟು ಮೈಲು

ನೇಮಿರಾಜ ಮಾಸ್ತರ ಸೈಕಲಿಗೆ ದೀಪವಿರಲಿಲ್ಲ. ದೀಪವಿಲ್ಲದ ಸೈಕಲನ್ನು ಕತ್ತಲಾದ ಮೇಲೆ ತುಳಿದರೆ ಪೊಲೀಸರು ತಡೆದು ನಿಲ್ಲಿಸುತ್ತಿದ್ದ ಕಾಲ ಅದು. ಬೆಳ್ತಂಗಡಿಯಲ್ಲಿ ಸೈಕಲಿದ್ದವರೆಲ್ಲರೂ ಡೈನಮೋವನ್ನೋ ಸೀಮೆಎಣ್ಣೆಯ ದೀಪವನ್ನೋ ಇಟ್ಟುಕೊಂಡಿರುತ್ತಿದ್ದರು. ಮಾಸ್ತರು ಮಾತ್ರ ದೀಪ ಸಿಕ್ಕಿಸುವ ಕೊಂಡಿಯನ್ನೂ ಕಳಚಿಸಿಬಿಟ್ಟಿದ್ದರು. ಯಾರಾದರೂ ಕೇಳಿದರೆ, "ಹೊತ್ತು ಮುಳುಗಿದ ಮೇಲೆ ನನಗೆ ರಸ್ತೆಯಲ್ಲಿ ಏನು ಕೆಲಸ ಉಂಟು?" ಎನ್ನುತ್ತಿದ್ದರು. ಅವರು ಜೈನರು. ಸೂರ್ಯಾಸ್ತದ ನಂತರ ಊಟ ಮಾಡುತ್ತಿರಲಿಲ್ಲ, ನೀರನ್ನೂ ಕುಡಿಯುತ್ತಿರಲಿಲ್ಲ. ಆದುದರಿಂದ ಸೂರ್ಯ ಮುಳುಗುವ ಮೊದಲು ಅವರು ಮನೆಯಲ್ಲಿರಲೇಬೇಕಿತ್ತು. ಅವರ ಪತ್ನಿ ಪದ್ಮಾವತಿಯಮ್ಮನವರು ಸೀಟಿಗೆ ನೀಲಿ ಅಂಚಿನ ಬಿಳಿ ಬಟ್ಟೆಯ ಚೀಲವೊಂದನ್ನು ಹೊಲಿದು ಹಾಕಿದ್ದರು. ಆ ಚೀಲದಿಂದಾಗಿ ಆ ಸೈಕಲನ್ನು ಇಡೀ ತಾಲೂಕು ಗುರುತಿಸುತ್ತಿತ್ತು.

ನಾನು ಅವರನ್ನು ಕಂಡದ್ದು ಐವತ್ತರ ದಶಕದ ಕೊನೆಯ ವರ್ಷಗಳಲ್ಲಿ. ಮಂಗಳೂರಿನಲ್ಲಿ ಬಿ.ಎ. ಮುಗಿಸಿ ಬೆಳ್ತಂಗಡಿಯ ಖಾಸಗಿ ಪ್ರೌಢಶಾಲೆಯೊಂದಕ್ಕೆ ಸಹಾಯಕ ಅಧ್ಯಾಪಕನಾಗಿ ಸೇರಿದ್ದೆ. ನೇಮಿರಾಜ ಮಾಸ್ತರು ಅಲ್ಲಿ ಗಣಿತದ ಹಿರಿಯ ಅಧ್ಯಾಪಕರು. ನನ್ನ ತಂದೆ ವಗ್ಗದ ಕಡೆಯ ಧಣಿಗಳೊಬ್ಬರ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದ ಒಕ್ಕಲು. ನಮ್ಮ ಮನೆಯಲ್ಲಿ ನನಗಿಂತ ಮೊದಲು ಐದನೆಯ ತರಗತಿಯನ್ನು ದಾಟಿದವರಿರಲಿಲ್ಲ. ಅಧ್ಯಾಪಕರ ಕೊಠಡಿಯಲ್ಲಿ ಒಂದು ಮಾತನ್ನಾಡಬೇಕಾದರೂ ನಾನು ವಾಕ್ಯವನ್ನು ಮನಸ್ಸಿನಲ್ಲಿ ಪೂರ್ತಿಯಾಗಿ ಕಟ್ಟಿ, ಸರಿಯಿದೆಯೆಂದು ಖಚಿತವಾದ ಮೇಲೆ ಬಾಯಿ ತೆರೆಯುತ್ತಿದ್ದೆ. ಅಷ್ಟರಲ್ಲಿ ಉಳಿದವರು ಬೇರೆ ವಿಷಯಕ್ಕೆ ಹೋಗಿರುತ್ತಿದ್ದರು. ಇದನ್ನು ಗಮನಿಸಿದವರು ಮಾಸ್ತರೊಬ್ಬರೇ.

"ನೀವು ಮಾತನ್ನು ಮೊದಲು ಬರೆದು ಮತ್ತೆ ಓದುವುದು," ಎಂದರು ಒಂದು ದಿನ. "ನನ್ನ ಹತ್ತಿರ ಹಾಗೆ ಬೇಡ. ತುಳುವಿನಲ್ಲಿ ಹೇಳಿ. ನಾನೇನು ಕಾಶಿಯಿಂದ ಬಂದವನಾ?"

ಅವರ ವಿಶೇಷವೆಂದರೆ, ಪ್ರತಿ ಆದಿತ್ಯವಾರ ಮಧ್ಯಾಹ್ನದ ಊಟ ಮುಗಿಸಿ, ಒಂದೂವರೆ ಗಂಟೆಗೆ ಸರಿಯಾಗಿ ಸೈಕಲ್ ಹತ್ತಿ, ಯಾವ ಕೆಲಸವೂ ಇಲ್ಲದೆ ಹೋಗಿ ಬರುವುದು. ಈಗಿನವರಿಗೆ ಇದು ವಿಚಿತ್ರವೆನಿಸಲಾರದು. ಆಗ ಸೈಕಲ್ ಇದ್ದದ್ದು ಕೆಲಸಕ್ಕೆ. ಮೀನಿನವರು ತುಳಿಯುತ್ತಿದ್ದರು, ಬ್ರೆಡ್ಡಿನವರು ತುಳಿಯುತ್ತಿದ್ದರು, ಅಂಚೆಯವರು ತುಳಿಯುತ್ತಿದ್ದರು. ಹೊರೆಯಿಲ್ಲದೆ, ಗುರಿಯಿಲ್ಲದೆ ತುಳಿಯುವವರನ್ನು ನಮ್ಮ ಊರು ಕಂಡಿರಲಿಲ್ಲ. ದಾರಿಯಲ್ಲಿ ಸಿಕ್ಕವರು, "ಓಡೆಗ್ ಮಾಷ್ಟ್ರೆ?" ಎಂದು ಕೇಳಿದರೆ, "ಎಲ್ಲಿಗೂ ಇಲ್ಲ. ಹೋಗಿ ಬರುವ ಅಂತ," ಎನ್ನುವರು. ಪೇಟೆಯ ಹೋಟೆಲಿನ ಶೀನಪ್ಪಯ್ಯನವರು ಗಲ್ಲಾದ ಹಿಂದಿನಿಂದಲೇ ಕೆಣಕುತ್ತಿದ್ದರು.

"ಮಾಷ್ಟ್ರೆ, ವೇಣೂರಿನಲ್ಲಿ ಏನಾದರೂ ಬಿಟ್ಟು ಬಂದಿದ್ದೀರಾ? ವಾರ ವಾರ ಹುಡುಕಲಿಕ್ಕೆ ಹೋಗುವುದು ಕಾಣ್ತದೆ."

"ಹೌದು ಮಾರಾಯ್ರೆ. ಸಿಕ್ಕಿದರೆ ಮೊದಲು ನಿಮಗೇ ತೋರಿಸ್ತೇನೆ."

ಗುರಿಯಿಲ್ಲದಿದ್ದರೂ ಅಳತೆಯಿತ್ತು. ಅವರ ವಾರದ ದೂರವನ್ನು ನಿರ್ಧರಿಸುತ್ತಿದ್ದವನು ಸೂರ್ಯ. ಹಗಲು ಕಿರಿದಾಗುವ ಡಿಸೆಂಬರಿನ ಪೆರಾರ್ದೆ ತಿಂಗಳಲ್ಲಿ ಇಪ್ಪತ್ತೆಂಟು ಮೈಲು. ಹಗಲು ಬೆಳೆಯುವ ಎಪ್ರಿಲಿನ ಪಗ್ಗು ತಿಂಗಳಲ್ಲಿ ಮೂವತ್ತನಾಲ್ಕು. ಮಳೆಗಾಲದ ನಾಲ್ಕು ತಿಂಗಳು ಸೈಕಲ್ ಜಗಲಿಯಲ್ಲಿ ನಿಲ್ಲುತ್ತಿತ್ತು. ಮಳೆಗೆ ಹೆದರಿ ಅಲ್ಲ. ಆಗ ರಸ್ತೆಯ ಮೇಲೆ ಹರಿದಾಡುವ ಜೀವಗಳು ಹೆಚ್ಚು, ಚಕ್ರಕ್ಕೆ ಕಣ್ಣಿಲ್ಲ ಎನ್ನುವುದು ಅವರ ಕಾರಣ. ವೇಗ ಮಾತ್ರ ಎಂದಿಗೂ ಗಂಟೆಗೆ ಎಂಟು ಮೈಲು. ಒಂದು ಮೈಲುಗಲ್ಲಿನಿಂದ ಇನ್ನೊಂದಕ್ಕೆ ಏಳೂವರೆ ನಿಮಿಷ. ಕಲ್ಲು ದಾಟುವಾಗ ಕಿಸೆಯ ಗಡಿಯಾರವನ್ನು ತೆಗೆದು ನೋಡಿ, ಸರಿಯಾಗಿದ್ದರೆ ತಲೆಯಾಡಿಸುತ್ತಿದ್ದರು.

"ಮೀನಿನವರು ಗಂಟೆಗೆ ಹನ್ನೆರಡು ತುಳಿಯುತ್ತಾರೆ," ಎಂದು ನನಗೆ ವಿವರಿಸಿದ್ದರು. "ಅವರ ಬುಟ್ಟಿಯಲ್ಲಿ ಹಾಳಾಗುವ ಸಾಮಾನು ಉಂಟು. ಅಂಚೆಯವರು ಹತ್ತು. ಅವರಿಗೆ ಮೇಲಿನವರ ಹೆದರಿಕೆ. ನಮಗೆ ಎರಡೂ ಇಲ್ಲವಲ್ಲ, ಹಾಗಾದರೆ ಎಂಟು ಸಾಕು. ಎಂಟಕ್ಕಿಂತ ಹೆಚ್ಚಾದರೆ ದಾರಿಯಲ್ಲಿ ಕಂಡವರ ಮುಖ ನೆನಪಿರುವುದಿಲ್ಲ."

ನಾನು ಬಾಡಿಗೆಯ ಸೈಕಲೊಂದನ್ನು ಹಿಡಿದು ಅವರ ಜೊತೆಗೆ ಹೋಗತೊಡಗಿದೆ. ಮೊದಲ ವಾರ, ಹೊಸಬನೆಂದು ದೂರವನ್ನು ಕಡಿಮೆ ಮಾಡಿ, ವೇಣೂರಿಗೆ ಕರೆದೊಯ್ದರು. ಗುರುವಾಯನಕೆರೆ ದಾಟಿದ ಮೇಲಿನ ಇಳಿಜಾರಿನಲ್ಲಿ ನಾನು ಅವರನ್ನು ಹಿಂದಿಕ್ಕಿ ಹೋದೆ. ಮುಂದಿನ ಏರಿನಲ್ಲಿ ಉಸಿರು ಸಿಕ್ಕದೆ ಇಳಿದು ತಳ್ಳುತ್ತಿದ್ದಾಗ ಅವರು ಅದೇ ಎಂಟರ ಹದದಲ್ಲಿ ಪಕ್ಕಕ್ಕೆ ಬಂದರು. "ಆಗಿನ ವೇಗ ಇಳಿಜಾರಿನದ್ದು, ನಿಮ್ಮದಲ್ಲ," ಎಂದು ಹೇಳಿ, ತಾವೂ ಇಳಿದು ನನ್ನೊಡನೆ ನಡೆದರು. ವೇಣೂರಿನಲ್ಲಿ ಬಾಹುಬಲಿಯ ಎದುರು ಕೈಮುಗಿದು ಎರಡು ನಿಮಿಷ ನಿಂತರು. ಬಳಿಕ ಗಡಿಯಾರ ನೋಡಿ, "ಹೊರಡುವ," ಎಂದರು. ಆ ದಿನ ದಾರಿಯುದ್ದಕ್ಕೂ ನಾನು ಒಂದು ವಾಕ್ಯವನ್ನೂ ಮೊದಲೇ ಕಟ್ಟಿಕೊಂಡಿರಲಿಲ್ಲವೆಂಬುದು ಮನೆಗೆ ಬಂದ ಮೇಲೆ ತಿಳಿಯಿತು.

ಹೀಗೆ ಸುಮಾರು ಎರಡು ವರ್ಷ ಹೋದೆವು. ಮುಂದಿನದನ್ನು ಬರೆಯುವುದಕ್ಕೆ ನನಗೆ ಧೈರ್ಯ ಬೇಕಾಗಿದೆ.

ಮಳೆಗಾಲದ ಏಣೆಲು ಬೆಳೆಯ ಕೊಯ್ಲು ಮುಗಿದು, ಹಗಲು ಕಿರಿದಾಗಿದ್ದ ಸಮಯ. ಆ ಆದಿತ್ಯವಾರ ಬಂಟ್ವಾಳದ ರಸ್ತೆಯಲ್ಲಿ ವಗ್ಗದ ಹತ್ತಿರದವರೆಗೆ ಹೋಗಿ ಮರಳುತ್ತಿದ್ದೆವು. ಪುಂಜಾಲಕಟ್ಟೆಯ ಸಮೀಪ, ರಸ್ತೆಗೆ ತಾಗಿದ ಗದ್ದೆಯಲ್ಲಿ ನೂರಾರು ಜನ ಕುಳಿತಿದ್ದರು. ಗೇಣಿ ಒಕ್ಕಲುಗಳ ಸಭೆ. ಗದ್ದೆ ಉಳುವವನಿಗೇ ಸೇರಬೇಕೆಂಬ ಮಾತು ಆಗ ಊರೂರಲ್ಲಿ ಎದ್ದಿತ್ತು. ಅಂತಹ ಸಭೆಯಲ್ಲಿ ಕಾಣಿಸಿಕೊಂಡ ಒಕ್ಕಲನ್ನು ಧಣಿಗಳು ಸುಲಭವಾಗಿ ಮರೆಯುತ್ತಿರಲಿಲ್ಲ. ಮುದುಕರೊಬ್ಬರು ಎದ್ದು ನಿಂತು ಮಾತನಾಡುತ್ತಿದ್ದರು. ಅವರು ನನ್ನ ತಂದೆ.

ಧಣಿಗಳ ಅಂಗಳದಲ್ಲಿ ತಲೆಯೆತ್ತದ ನನ್ನ ತಂದೆಯ ಸ್ವರ ಅಷ್ಟು ದೂರಕ್ಕೆ ಕೇಳಿಸುವುದೆಂದು ನನಗೆ ಗೊತ್ತಿರಲಿಲ್ಲ. "ಮಾಷ್ಟ್ರೆ, ಐದು ನಿಮಿಷ," ಎಂದು ಸೈಕಲನ್ನು ಅವರ ಸೈಕಲಿಗೆ ಆನಿಸಿ ನಾನು ಗದ್ದೆಗಿಳಿದೆ. ಮಾಸ್ತರು ರಸ್ತೆಯ ಬದಿಯ ಕಟ್ಟೆಯಲ್ಲಿ ಕುಳಿತರು.

ನಾನು ಮರಳಿದ್ದು ಒಂದು ಗಂಟೆಯ ಮೇಲೆ. ಅವರು ಒಮ್ಮೆಯೂ ಕೂಗಿ ಕರೆದಿರಲಿಲ್ಲ. ಗಡಿಯಾರ ಅವರ ಅಂಗೈಯಲ್ಲಿತ್ತು.

"ನಿಮ್ಮ ತಂದೆಯಾ?"

"ಹೌದು."

"ಒಳ್ಳೆಯ ಮಾತು. ಯಾರೂ ಬರೆದು ಕೊಟ್ಟದ್ದಲ್ಲ ಅದು."

ವೇಗವಾಗಿ ಹೋಗುವ ಎಂದು ನಾನು ಹೇಳಿದೆ. ಅವರು ಒಪ್ಪಲಿಲ್ಲ. ಎಂಟರಲ್ಲೇ ತುಳಿದರು. ಗುರುವಾಯನಕೆರೆಯ ಹತ್ತಿರ ಸೂರ್ಯ ಮುಳುಗಿದ. ದೀಪವಿಲ್ಲದ ಸೈಕಲನ್ನು ಅವರು ಇಳಿದು ತಳ್ಳತೊಡಗಿದರು, ನಾನೂ ಇಳಿದೆ. ಉಳಿದ ಎರಡು ಮೈಲು ನಡೆದೆವು. ಅವರ ಮನೆಯ ಜಗಲಿಯಲ್ಲಿ ಪದ್ಮಾವತಿಯಮ್ಮನವರು ನಿಂತಿದ್ದರು. ಗಂಡನನ್ನು ನೋಡಿದರು, ಆಕಾಶವನ್ನು ನೋಡಿದರು, ಕೈಯಲ್ಲಿದ್ದ ನೀರಿನ ಚೆಂಬನ್ನು ಮರಳಿ ಒಳಗೆ ಕೊಂಡುಹೋದರು. ಮಾಸ್ತರು ನನಗೆ, "ನಾಳೆ ಕಾಣುವ," ಎಂದರು.

ಎರಡು ವಾರಗಳಾದ ಮೇಲೆ ಶಾಲೆಯ ಸಂಚಾಲಕರು ನನ್ನನ್ನು ತಮ್ಮ ಕೊಠಡಿಗೆ ಕರೆಸಿದರು. ಅವರೂ ನೂರಾರು ಮುಡಿ ಅಕ್ಕಿಯ ಗೇಣಿ ಬರುತ್ತಿದ್ದ ಜಮೀನುದಾರರು. ನನ್ನ ತಂದೆಯ ಧಣಿಗಳಿಗೆ ಹತ್ತಿರದ ಸಂಬಂಧಿಕರು. ನನ್ನ ಕೆಲಸ ಆಗ ಇನ್ನೂ ಖಾಯಂ ಆಗಿರಲಿಲ್ಲ.

"ನೇಮಿರಾಜ ಮಾಷ್ಟ್ರ ಸೈಕಲ್ ಒಕ್ಕಲುಗಳ ಸಭೆಯ ಹತ್ತಿರ ಇತ್ತಂತೆ, ಗಂಟೆಗಟ್ಟಲೆ," ಎಂದರು. "ಬಿಳಿ ಚೀಲದ ಸೈಕಲ್. ನೋಡಿದವರು ಇದ್ದಾರೆ. ನೀವು ಅವರ ಜೊತೆ ಹೋಗುವವರಲ್ಲವಾ? ಆ ದಿನ ಇದ್ದಿರಾ?"

ಬಾಡಿಗೆಯ ಸೈಕಲನ್ನು ಯಾರೂ ಗುರುತಿಸಿರಲಿಲ್ಲ. ರಸ್ತೆಯಿಂದ ನೋಡಿದವರಿಗೆ ಗದ್ದೆಯಲ್ಲಿದ್ದ ನನ್ನ ತಂದೆಯ ಗುರುತೂ ಹತ್ತಿರಲಿಲ್ಲ.

"ಇಲ್ಲ," ಎಂದೆ. "ಆ ವಾರ ನನಗೆ ಮೈಯಲ್ಲಿ ಸೌಖ್ಯವಿರಲಿಲ್ಲ."

ಜೀವನದಲ್ಲಿ ನಾನು ತಡವರಿಸದೆ ಆಡಿದ ಕೆಲವೇ ವಾಕ್ಯಗಳಲ್ಲಿ ಅದೂ ಒಂದು. ಹೊರಗೆ ಬಂದಾಗ ಬಾಗಿಲ ಬಳಿಯ ಬೆಂಚಿನಲ್ಲಿ ಮಾಸ್ತರು ಕುಳಿತಿದ್ದರು. ಒಳಗಿನ ಮಾತು ಅಲ್ಲಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಅವರು ನನ್ನ ಮುಖವನ್ನು ನೋಡದೆ ಎದ್ದು ಒಳಗೆ ಹೋದರು. ನಾನು ಅಲ್ಲಿಯೇ ನಿಂತೆ.

"ಏನು ಕೆಲಸ ಇತ್ತು ಮಾಷ್ಟ್ರೆ ಅಲ್ಲಿ?"

"ಕೆಲಸ ಇರಲಿಲ್ಲ."

"ಕೆಲಸ ಇಲ್ಲದೆ ಯಾರಾದರೂ ಇಪ್ಪತ್ತೆಂಟು ಮೈಲು ತುಳಿಯುತ್ತಾರಾ?"

"ನಾನು ತುಳಿಯುತ್ತೇನೆ. ಹದಿನಾಲ್ಕು ವರ್ಷವಾಯಿತು."

"ಅದು ಇರಲಿ. ಜೊತೆಗೆ ಇನ್ನೊಂದು ಸೈಕಲ್ ಇತ್ತಂತೆ. ಅದು ಯಾರದ್ದು?"

ಮಾಸ್ತರು ಸುಳ್ಳು ಹೇಳುವವರಲ್ಲ. ಬೆಂಚಿನ ಪಕ್ಕದಲ್ಲಿ ನಿಂತು ನಾನು ನನ್ನ ಹೆಸರಿಗಾಗಿ ಕಾಯುತ್ತಿದ್ದೆ.

"ಅದನ್ನು ನಾನು ಹೇಳುವುದಿಲ್ಲ," ಎಂದರು ಮಾಸ್ತರು.

ಸಂಚಾಲಕರು ಕೂಗಾಡಲಿಲ್ಲ. ಇನ್ನು ಮುಂದೆ ಕಾರಣವಿಲ್ಲದೆ ಪೇಟೆಯ ಹೊರಗೆ ಸೈಕಲಿನಲ್ಲಿ ಹೋಗುವುದಿಲ್ಲವೆಂದು ಎರಡು ಸಾಲು ಬರೆದುಕೊಟ್ಟರೆ ವಿಷಯವನ್ನು ಅಲ್ಲಿಗೇ ಬಿಡುವುದಾಗಿ ಹೇಳಿದರು.

"ಬರೆದುಕೊಟ್ಟರೆ ಮತ್ತೆ ಅದರ ಹಾಗೆಯೇ ನಡೆಯಬೇಕಲ್ಲ," ಎಂದರು ಮಾಸ್ತರು. "ಅದು ನನ್ನಿಂದ ಆಗಲಿಕ್ಕಿಲ್ಲ."

ಆ ಶಾಲಾವರ್ಷದ ಕೊನೆಯಲ್ಲಿ ಅವರು ಕೆಲಸ ಬಿಟ್ಟರು. ಮೂಡುಬಿದಿರೆಯ ಬಸದಿಗಳ ಬೀದಿಯಲ್ಲಿ ಅವರ ಪತ್ನಿಯ ಕಡೆಯವರ ಚಿಕ್ಕ ಮನೆಯಿತ್ತು. ಅಲ್ಲಿ ಮಕ್ಕಳಿಗೆ ಮನೆಪಾಠ ಹೇಳುತ್ತಾರೆಂದು ಕೇಳಿದೆ. ಹೊರಡುವ ದಿನ ಸಾಮಾನುಗಳನ್ನು ಎತ್ತಿನ ಗಾಡಿಗೆ ಹೇರಿಸಿ, ತಾವು ಸೈಕಲ್ ಹತ್ತಿದರು. ನಾನು ಹೋಗಿ ನಿಂತೆ. ಹೇಳಬೇಕಾದ ವಾಕ್ಯವನ್ನು ಹಿಂದಿನ ದಿನವೇ ಕಟ್ಟಿಕೊಂಡಿದ್ದೆ. ಅವರೇ ಕೇಳಿದರು.

"ಖಾಯಂ ಆಯಿತಾ?"

"ಜೂನಿನಿಂದ ಎಂದು ಹೇಳಿದ್ದಾರೆ."

"ತಂದೆಯವರ ಗದ್ದೆ?"

"ಉಂಟು."

"ಹಾಗಾದರೆ ಒಳ್ಳೆಯದು," ಎಂದರು. ಗಡಿಯಾರ ನೋಡಿದರು. "ಇಪ್ಪತ್ತೆರಡು ಮೈಲು. ನಾನು ಹೊರಡ್ತೇನೆ." ನಾನು ಅವರನ್ನು ಕಂಡದ್ದು ಅದೇ ಕೊನೆ.

ಭಾದ್ರಪದದಲ್ಲಿ ಜೈನರ ದಶಲಕ್ಷಣ ಪರ್ವ ಮುಗಿದ ಮೇಲೆ ಅವರು ಪರಿಚಿತರೆಲ್ಲರ ಕ್ಷಮೆ ಕೇಳುವ ಪದ್ಧತಿಯಿದೆ. ಆ ವರ್ಷ ಮೂಡುಬಿದಿರೆಯಿಂದ ನನಗೊಂದು ಅಂಚೆಕಾರ್ಡು ಬಂತು. "ತಿಳಿದೋ ತಿಳಿಯದೆಯೋ ನನ್ನಿಂದ ನಿಮಗೆ ನೋವಾಗಿದ್ದರೆ ಕ್ಷಮಿಸಬೇಕು. ಹೋದ ಬೇಸಗೆಯಲ್ಲಿ ವಾರಕ್ಕೆ ಮೂವತ್ತು ಮೈಲು, ಗಂಟೆಗೆ ಎಂಟು. ನೇಮಿರಾಜ." ಉತ್ತರ ಬರೆಯಲು ಕುಳಿತು, ನಾಲ್ಕು ಸಲ ಹರಿದೆ. ಮರುವರ್ಷವೂ ಕಾರ್ಡು ಬಂತು. ಮೊದಲ ಸಾಲು ಅದೇ, ಕೊನೆಯಲ್ಲಿ, "ವಾರಕ್ಕೆ ಹದಿನೆಂಟು, ಗಂಟೆಗೆ ಆರು." ಮೂರನೆಯ ವರ್ಷದ ಕಾರ್ಡಿನಲ್ಲಿ ಅಕ್ಷರಗಳು ನಡುಗಿದ್ದವು. "ವಾರಕ್ಕೆ ನಾಲ್ಕು ಮೈಲು. ನಡೆದುಕೊಂಡು." ಅದಕ್ಕೂ ನಾನು ಉತ್ತರಿಸಲಿಲ್ಲ. ಅನ್ಯಾಯ ಮಾಡಿದವನು ನಾನು, ಕ್ಷಮೆ ಕೇಳುತ್ತಿದ್ದವರು ಅವರು. ಅದಕ್ಕೆ ಯಾವ ಉತ್ತರ ಸರಿಯಾದುದೆಂದು ನಾನು ಓದಿದ ಯಾವ ಪುಸ್ತಕದಲ್ಲಿಯೂ ಇರಲಿಲ್ಲ.

ನಾಲ್ಕನೆಯ ವರ್ಷ ಕಾರ್ಡು ಬರಲಿಲ್ಲ. ಒಂದು ತಿಂಗಳು ಕಾದೆ. ಬಳಿಕ ಮೂಡುಬಿದಿರೆಯ ಬಸ್ಸು ಹತ್ತಿ ಹೋದೆ. ಮಾಸ್ತರು ಆಷಾಢದಲ್ಲಿಯೇ ತೀರಿಹೋದರೆಂದು ಪದ್ಮಾವತಿಯಮ್ಮನವರು ಹೇಳಿದರು. ನಾನು ಜಗಲಿಯಲ್ಲಿ ಕುಳಿತು, ಆ ಇನ್ನೊಂದು ಸೈಕಲ್ ನನ್ನದೆಂದು ಅವರಿಗೆ ಹೇಳಿದೆ.

"ಗೊತ್ತುಂಟು," ಎಂದರು ಅವರು. "ಆ ಸಂಜೆ ಜೊತೆಗೆ ನಡೆದು ಬಂದವರು ನೀವೇ ಅಲ್ಲವಾ. ನನಗೆ ಹೇಳಿ ಏನು? ಸುಳ್ಳು ಹೇಳಿದ್ದು ಯಾರ ಹತ್ತಿರವೋ, ಅಲ್ಲಿ ಹೇಳಬೇಕು."

ಮರುದಿನ ನಾನು ಸಂಚಾಲಕರಿಗೆ ಒಂದು ಕಾಗದ ಬರೆದೆ. ಆ ಆದಿತ್ಯವಾರ ಸಭೆಗೆ ಇಳಿದವನು ನಾನು, ಮಾತನಾಡಿದವರು ನನ್ನ ತಂದೆ, ನೇಮಿರಾಜ ಮಾಸ್ತರು ಹೊರಗೆ ನನಗಾಗಿ ಕಾದು ಕುಳಿತಿದ್ದರು ಎಂದು ಸ್ಪಷ್ಟವಾಗಿ ಬರೆದು, ಸಹಿ ಹಾಕಿ, ನಾನೇ ಕೊಂಡುಹೋಗಿ ಕೊಟ್ಟೆ. ಸಂಚಾಲಕರಿಗೆ ಆಗ ವಯಸ್ಸಾಗಿತ್ತು. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ಇದನ್ನು ಆಗಲೇ ಹೇಳಿದ್ದರೆ ಆ ಮನುಷ್ಯ ಇಲ್ಲೇ ಇರುತ್ತಿದ್ದರು," ಎಂದರು. "ಈಗ ಇದನ್ನು ನಾನು ಇಟ್ಟುಕೊಂಡರೆ ನಿಮ್ಮನ್ನೂ ಕಳುಹಿಸಬೇಕು. ನಿಮ್ಮ ತಂದೆಯ ಗದ್ದೆಯ ವಿಷಯವೂ ಬರ್ತದೆ. ಯಾಕೆ ಮಾರಾಯ್ರೆ? ತೆಕ್ಕೊಂಡು ಹೋಗಿ. ನಾನು ಓದಲಿಲ್ಲ."

ಕಾಗದವನ್ನು ಮಡಚಿ ಮೇಜಿನ ಮೇಲೆ, ನನ್ನ ಕಡೆಗೆ, ಇಟ್ಟರು. ಅದನ್ನು ಅಲ್ಲಿಯೇ ಬಿಟ್ಟು ಬರಬಹುದಿತ್ತು. ನಾನು ತೆಗೆದುಕೊಂಡೆ.