ಅತ್ತೆಯ ಹೊಸ ಹಲ್ಲು ಮತ್ತು ಉಳ್ಳಾಗಡ್ಡಿ ಭಜಿ

ನಮ್ಮ ಅತ್ತೆಯ ಹಲ್ಲುಗಳು ಒಂದೊಂದಾಗಿ ಹೋದ ಮೇಲೆ ಮನೆಯಲ್ಲಿ ಭಜಿಯ ರುಚಿಯೇ ಕೆಟ್ಟಿತು. ಮಾಡುವ ಕೈ ಅದೇ, ಕಡಾಯಿಯೂ ಅದೇ. ಆದರೆ ಮೊದಲೆಲ್ಲ ಎಣ್ಣೆಯಿಂದ ತೆಗೆದ ಭಜಿಯನ್ನು ಅವರು ತಾವೇ ಕಡಿದು ನೋಡಿ, ಆಮೇಲೆ ಉರಿಯನ್ನೋ ಹಿಟ್ಟನ್ನೋ ಸರಿ ಮಾಡಿಕೊಳ್ಳುತ್ತಿದ್ದರು. ಈಗ ಕಡಿಯಲು ಹಲ್ಲಿಲ್ಲ. ಆ ಕೆಲಸ ಮಾವನ ಪಾಲಿಗೆ ಬಂತು.

ಮಾವ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಅಂಗಡಿ ನಡೆಸಿದವರು. ಮಾಲು ನೋಡುವಾಗ ಯಾರ ಮುಲಾಜೂ ಇಟ್ಟುಕೊಂಡವರಲ್ಲ. ಹೆಂಡತಿ ಕೊಟ್ಟ ಭಜಿಗೆ ಮಾತ್ರ ಅವರದು ಒಂದೇ ಉತ್ತರ.

“ಹೆಂಗ ಆಗ್ಯಾವ್ರಿ?”

“ಚಲೋ ಆಗ್ಯಾವ.”

“ಕಡದು ಹೇಳ್ರಿ. ಬಾಯಾಗ ಇಟ್ಕೊಳ್ಳೂಕಿಂತ ಮೊದ್ಲ ಚಲೋ ಅಂತೀರಿ.”

ಅವರ ಮೇಲೆ ನಂಬಿಕೆ ಸಾಲದೆ ಅತ್ತೆ ನನ್ನನ್ನು ಕರೆಯುತ್ತಿದ್ದರು. ನಾನೂ ಚೆನ್ನಾಗಿದೆ ಎನ್ನುತ್ತಿದ್ದೆ. ಹಲ್ಲಿಲ್ಲದವರಿಗೆ ಭಜಿ ಮೆತ್ತಗಾಗಿದೆ ಎಂದು ಹೇಗೆ ಹೇಳುವುದು? ಅವರು ತಮ್ಮ ಪಾಲಿನದನ್ನು ಚಹಾದಲ್ಲಿ ಅದ್ದಿ ನುಂಗುತ್ತಿದ್ದರು.

ಕಳೆದ ಮಳೆಗಾಲದಲ್ಲಿ ಅವರೇ ಒಂದು ದಿನ, “ನನಗ ಹಲ್ಲು ಕಟ್ಟಿಸ್ರಿ” ಎಂದರು. ರಾಣೆಬೆನ್ನೂರಿನ ಹಲ್ಲಿನ ಡಾಕ್ಟರ ಹತ್ತಿರ ನಾನೇ ಕರೆದೊಯ್ದೆ. ಅಳತೆ ಕೊಟ್ಟು, ಮತ್ತೆ ಮತ್ತೆ ಓಡಾಡಿ, ಕೊನೆಗೆ ಹಲ್ಲಿನ ಸೆಟ್ಟು ಬಂತು. ಡಾಕ್ಟರು ಕನ್ನಡಿ ಹಿಡಿದು ಹೇಳಿದರು, “ಅಮ್ಮಾರ, ಮೊದ್ಲ ಸ್ವಲ್ಪ ದಿನ ಅನ್ನ-ಸಾರು, ಇಂಥಾ ಮೆತ್ತಂದು ತಿನ್ರಿ. ಗಟ್ಟಿ ಏನೂ ಬ್ಯಾಡ್ರಿ.” ಅತ್ತೆ ತಲೆಯಾಡಿಸಿದರು.

ಬ್ಯಾಡಗಿಯಲ್ಲಿ ಬಸ್ಸು ಇಳಿದವರೇ ತರಕಾರಿ ಅಂಗಡಿಯ ಕಡೆ ತಿರುಗಿ ಉಳ್ಳಾಗಡ್ಡಿ ಆರಿಸತೊಡಗಿದರು.

“ಅತ್ತೇರ, ಡಾಕ್ಟರು ಏನ್ ಹೇಳ್ಯಾರ?”

“ಅವ್ರು ಹೇಳೂದು ಹೇಳ್ಯಾರ. ನೀ ಚೀಲ ಹಿಡಿ.”

ಅಂದು ಸಂಜೆ ಉಳ್ಳಾಗಡ್ಡಿಯನ್ನು ಎಳೆ ಎಳೆಯಾಗಿ ಹೆಚ್ಚಿ, ಉಪ್ಪು ಹಚ್ಚಿ ಕಿವುಚಿ ಇಟ್ಟರು. ಅದು ಬಿಟ್ಟ ನೀರಿನಲ್ಲೇ ಕಡಲೆಹಿಟ್ಟು, ಖಾರದ ಪುಡಿ, ಅಜವಾನ ಸೇರಿಸಿ ಕಲಸಿದರು. ಮೊದಲ ಭಜಿಗಳು ತಟ್ಟೆಗೆ ಬಂದ ಕೂಡಲೇ ಒಂದನ್ನು ಕಡಿದರು. ಕಡಿದವರೇ ಕೆನ್ನೆ ಹಿಡಿದುಕೊಂಡರು. ಸೆಟ್ಟು ಒಸಡಿಗೆ ಒತ್ತಿತ್ತು. ಅದನ್ನು ತೆಗೆದು ನೀರಿನ ಬಟ್ಟಲಿಗೆ ಹಾಕಿ, ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಕಣ್ಣು ತುಂಬಿತ್ತು. ನೋವಿಗೋ ಬೇಸರಕ್ಕೋ ನನಗೆ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಮಾವ ಒಳಗೆ ಬಂದರು. ಯಾರೂ ಕೇಳದಿದ್ದರೂ ತಟ್ಟೆಯಿಂದ ಒಂದು ಭಜಿ ತೆಗೆದುಕೊಂಡು, ನಿಧಾನವಾಗಿ ಅಗಿದು, “ಮೆತ್ತಗ ಆಗ್ಯಾವ” ಎಂದರು.

ನನಗೆ ಗಾಬರಿಯಾಯಿತು. ನಿಜ ಹೇಳಲು ಇವರಿಗೆ ಇದೇ ಹೊತ್ತು ಬೇಕಿತ್ತೆ?

ಅತ್ತೆ ತಲೆಯೆತ್ತಿದರು. “ಖರೇ?”

“ಖರೇನ. ಭಾಳ ದಿನದಿಂದ ಮೆತ್ತಗ ಆಗಾಕತ್ತಾವ. ಹಿಟ್ಟು ಹೆಚ್ಚಾಗಾಕತ್ತೈತಿ.”

“ಮತ್ತ ಇಷ್ಟ ದಿನಾ ಯಾಕ ಹೇಳ್ಲಿಲ್ರಿ?”

“ನೀ ಬ್ಯಾಸರಾ ಮಾಡ್ಕೊಂತಿದ್ದಿ.”

“ಈಗ ಮಾಡ್ಕೊಳ್ಳಂಗಿಲ್ಲೇನು?”

“ಈಗ ಹೆಂಗೂ ಮಾಡ್ಕೊಂಡೀಯಲ್ಲ.”

ಅತ್ತೆ ಬೊಚ್ಚುಬಾಯಲ್ಲೇ ಜೋರಾಗಿ ನಕ್ಕುಬಿಟ್ಟರು. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು.

ಇನ್ನೊಂದಿಷ್ಟು ಉಳ್ಳಾಗಡ್ಡಿ ಹೆಚ್ಚಿ ಹಾಕಿದರು. ಚೂರು ಅಕ್ಕಿಹಿಟ್ಟು ಉದುರಿಸಿ, ಕಾದ ಎಣ್ಣೆಯನ್ನೇ ಒಂದು ಚಮಚ ಹಿಟ್ಟಿಗೆ ಸುರಿದರು. ಉಂಡೆ ಮಾಡದೆ ಬೆರಳ ತುದಿಯಿಂದ ಬಿಡಿಬಿಡಿಯಾಗಿ ಎಣ್ಣೆಗೆ ಬಿಟ್ಟರು. ಮಾವ ಒಲೆಯ ಪಕ್ಕದಲ್ಲೇ ನಿಂತು ರುಚಿ ನೋಡಿ, “ಇನ್ನೂ ಚೂರು ಕೆಂಪಗಾಗ್ಲಿ” ಎಂದರು. ಹಾಗೇ ಮಾಡಿದರು. ಮುಂದಿನವನ್ನು ಮಾವ ಕಡಿದಾಗ ಆದ ಸದ್ದು ಅತ್ತೆಗೂ ಕೇಳಿಸಿತು. ತಾವು ಒಂದು ಎಳೆ ಮುರಿದು ಬಾಯಲ್ಲಿಟ್ಟುಕೊಂಡು, ಕರಗುವವರೆಗೂ ಚೀಪಿದರು.

ಮರುವಾರ ಸೆಟ್ಟು ಸರಿ ಮಾಡಿಸಲು ರಾಣೆಬೆನ್ನೂರಿಗೆ ಹೊರಟಾಗ ಅವರ ಕೈಯಲ್ಲಿ ಸ್ಟೀಲಿನ ಡಬ್ಬಿಯಿತ್ತು. “ಎಲ್ಲಿ ಚುಚ್ಚತೈತ್ರಿ?” ಎಂದು ಡಾಕ್ಟರು ಕೇಳಿದರು. ಅತ್ತೆ ಡಬ್ಬಿ ತೆಗೆದು, ಒಂದು ಭಜಿ ಕಡಿದು, ಬೆರಳಿಟ್ಟು ತೋರಿಸಿದರು. ಡಾಕ್ಟರು ನಗು ತಡೆದುಕೊಂಡು ಸೆಟ್ಟಿನ ಆ ಜಾಗವನ್ನು ಉಜ್ಜಿ ಸರಿ ಮಾಡಿಕೊಟ್ಟರು. ಅತ್ತೆ ಅದೇ ಕುರ್ಚಿಯಲ್ಲಿ ಕುಳಿತು ಇನ್ನೊಂದನ್ನು ಕಡಿದರು. ಈ ಸಲ ಮುಖದಲ್ಲಿ ನೋವು ಕಾಣಲಿಲ್ಲ. ಪೂರ್ತಿ ಅಗಿದು ನುಂಗಿ, ಡಬ್ಬಿಯನ್ನು ಡಾಕ್ಟರ ಮುಂದೆ ಹಿಡಿದರು.

“ತಗೋರಿ, ನೀವೂ ತಿನ್ರಿ. ಬಸ್ಸಿನ್ಯಾಗ ಚೂರು ತಣ್ಣಗಾಗ್ಯಾವ. ಮನಿಗೆ ಬರ್ರಿ, ಬಿಸಿಬಿಸಿ ಮಾಡಿ ಕೊಡ್ತೇನಿ.”

ಡಾಕ್ಟರು ಕೈ ತೊಳೆದುಕೊಂಡು ಬಂದು, ಒಂದು ತಿಂದು ಇನ್ನೊಂದಕ್ಕೂ ಕೈ ಹಾಕಿದರು.